ನೇತ್ರಾಣಿಗೆ ಹೊರಡುವ ಮುಂಚೆ: ಮುಳ್ಳಿನ ಗೇಜ್ ಬಿಟ್ಟು ಬರಬೇಡಿ

ಎಲ್ಲರಿಗೂ ನಮಸ್ಕಾರ. ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗಿಗೆ ಶುಕ್ರವಾರ ಮಧ್ಯಾಹ್ನ 1ಕ್ಕೆ ಹಾಸನ ಬಿಡೋದು, ರಾತ್ರಿ ಮುರುಡೇಶ್ವರದಲ್ಲಿ ಉಳಿಯೋದು. ಬದಲಾವಣೆ ಇಲ್ಲ.

ಈಗ ಮುಖ್ಯ ವಿಷಯ. ಆಳ, ಸಮಯದ ಜೊತೆಗೆ ಸಿಲಿಂಡರಿನ ಗಾಳಿಯ ಒತ್ತಡವನ್ನೂ ತೋರಿಸುವ ಡೈವ್ ಕಂಪ್ಯೂಟರ್ ತಗೊಂಡವರು, ಅದೇ ಒತ್ತಡವನ್ನು ಮುಳ್ಳಿನಿಂದ ತೋರಿಸುವ ಹಳೇ ಗೇಜ್ ಬಿಚ್ಚಿಡ್ತಿದ್ದೀರಿ ಅಂತ ಗೊತ್ತಾಯ್ತು. ದಯವಿಟ್ಟು ಬೇಡ. ಕಳೆದ ಸಲ 14 ಮೀಟರ್ ಆಳದಲ್ಲಿ ನನ್ನ ಕಂಪ್ಯೂಟರಿನಲ್ಲಿ ಬಾರ್ (ಒತ್ತಡದ ಅಳತೆ) ಅಂಕಿ ಹೋಗಿ ಬರೀ ಗೀಟು ಬಂತು. ಒತ್ತಡದ ಅಂಕಿಯನ್ನು ಕಂಪ್ಯೂಟರಿಗೆ ಕಳಿಸುವ ಟ್ರಾನ್ಸ್‌ಮಿಟರ್ ಬ್ಯಾಟರಿ ಬದಲಿಸದೆ ಬಂದಿದ್ದು ನನ್ನದೇ ಸೋಮಾರಿತನ. ಗೇಜ್ ಇರಲಿಲ್ಲ, ಜೊತೆಗಾರನಿಗೆ ಸನ್ನೆ ಮಾಡಿ ಮೇಲೆ ಬಂದೆ. ಸಿಲಿಂಡರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿ ಉಳಿದಿತ್ತು! ದೋಣಿ ಬಾಡಿಗೆ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಪೈಪ್ ಜಾಸ್ತಿಯಾದಷ್ಟೂ ಸೋರಿಕೆ ಜಾಸ್ತಿ ಅನ್ನೋ ವಾದ ಪೂರ್ತಿ ಸುಳ್ಳಲ್ಲ. ಗೇಜ್ ಸೇರುವ ಕಡೆ ಓ-ರಿಂಗ್ (ಸೋರದಂತೆ ಹಾಕುವ ರಬ್ಬರ್ ಬಳೆ) ಸವೆದು ಗುಳ್ಳೆ ಬರೋದುಂಟು. ಆದರೆ ಗೇಜಿಗೆ ಹೋಗುವ ಹೈ ಪ್ರೆಶರ್ ಪೈಪಿನ ಬಾಯಿಯ ರಂಧ್ರ ಸೂಜಿಮೊನೆಯಷ್ಟು. ಒಡೆದರೂ ಉಸಿರಾಟಕ್ಕೆ ಗಾಳಿ ಕೊಡುವ ಲೋ ಪ್ರೆಶರ್ ಪೈಪಿನಷ್ಟು ಬೇಗ ಗಾಳಿ ಖಾಲಿಯಾಗಲ್ಲ. ಸಿಲಿಂಡರಿನ ವಾಲ್ವಿಗೆ ಕೂರಿಸುವ, ಒತ್ತಡ ತಗ್ಗಿಸುವ ಭಾಗವಾದ ಫಸ್ಟ್ ಸ್ಟೇಜಿನಲ್ಲಿ ಸಾಮಾನ್ಯವಾಗಿ 2 ಹೈ ಪ್ರೆಶರ್ ಪೋರ್ಟ್ ಇರುತ್ತೆ, ಒಂದಕ್ಕೆ ಟ್ರಾನ್ಸ್‌ಮಿಟರ್, ಇನ್ನೊಂದಕ್ಕೆ ಗೇಜ್.

ವಾಲ್ವ್ ತೆರೆಯುವಾಗ ಗೇಜಿನ ಗಾಜು ಮುಖದ ಕಡೆ ಬೇಡ. ಕಂಪ್ಯೂಟರ್, ಗೇಜ್ ಎರಡರ ಅಂಕಿ 5–6 ಬಾರ್ ಹೆಚ್ಚುಕಮ್ಮಿ ಇದ್ದರೆ ಪರವಾಗಿಲ್ಲ, 20 ಇದ್ದರೆ ಇಳಿಯೋ ಮುಂಚೆ ನನಗೆ ಹೇಳಿ. 50 ಬಾರ್ ಉಳಿಸಿಕೊಂಡು ದೋಣಿ ಹತ್ತೋ ಲೆಕ್ಕಕ್ಕೆ ಕಡಿಮೆ ತೋರಿಸೋದನ್ನೇ ನಂಬಿ.

ನನ್ನ ಹತ್ರ ಒಂದು ಗೇಜ್ ಹೆಚ್ಚುವರಿ ಇದೆ. ಬೇಕಾದವರು ಗುರುವಾರದೊಳಗೆ ತಿಳಿಸಿ.