ಪ್ರವಾಸೋದ್ಯಮದ 39ನೇ ಸ್ಥಾನದ ಲೆಕ್ಕದಲ್ಲಿ ನಮ್ಮ ಬಾವಿ ಎಲ್ಲಿದೆ?

ಮಾನ್ಯ ಕೇಂದ್ರ ಪ್ರವಾಸೋದ್ಯಮ ಸಚಿವರಿಗೆ,

ಕಾಸರಗೋಡಿನಿಂದ ನಮಸ್ಕಾರ.

ಕುಂಬಳೆಗೂ ಮಂಜೇಶ್ವರಕ್ಕೂ ನಡುವೆ ಕಡಲ ಬದಿಯಲ್ಲಿ ನಮ್ಮ ಮನೆ. ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತೇನೆ. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಮೀನು ಸಾರು, ಅನ್ನ. ಮಗಳ ಕಾಲೇಜಿನ ಫೀಸು ಕಟ್ಟಿದ್ದು ಈ ದುಡ್ಡಿನಲ್ಲೇ. ಆದ್ದರಿಂದ ಪ್ರವಾಸಿಗಳು ಬರಬಾರದು ಅಂತ ನಾನು ಯಾವತ್ತೂ ಹೇಳಲಾರೆ. ಆದರೆ ಐದು ಬೇಸಿಗೆ ತಡೆದುಕೊಂಡದ್ದು ಸಾಕಾಯಿತು.

ನಮ್ಮ ಬಾವಿ ಉಪ್ಪಾಗಿದೆ.

ನಾನು ಮದುವೆಯಾಗಿ ಬಂದಾಗ ಪಕ್ಕದ ನಾಲ್ಕು ಮನೆಯವರು ಇದೇ ಬಾವಿಯಿಂದ ಕೊಡ ತುಂಬಿಸಿಕೊಂಡು ಹೋಗುತ್ತಿದ್ದರು. ಈಗ ಮಾರ್ಚ್ ಬಂತೆಂದರೆ ಚಹಾಕ್ಕೆ ಹಾಕಿದ ಹಾಲು ಒಡೆಯುತ್ತದೆ. ಬಸಳೆ ಚಪ್ಪರ ಒಣಗಿ ಹೋಯಿತು. ಸ್ವಲ್ಪ ದೂರದಲ್ಲಿ ಪ್ರವಾಸಿಗಳ ದೊಡ್ಡದೊಂದು ವಸತಿ ಎದ್ದಿದೆ. ಅಲ್ಲಿನ ಬೋರ್‌ವೆಲ್ಲಿನ ಪಂಪು ರಾತ್ರಿಯೂ ನಿಲ್ಲುವುದಿಲ್ಲ. ಕಡಲ ಬದಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಮೇಲಿನದನ್ನು ಜಾಸ್ತಿ ಎಳೆದರೆ ಕೆಳಗಿನದು ಏರಿ ಬರುತ್ತದೆ. ಇದು ನಿಮ್ಮ ಅಧಿಕಾರಿಗಳಿಗೆ ಗೊತ್ತಿಲ್ಲದ್ದೇನಲ್ಲ. ಈಗ ಬಂದವರಿಗೆ ಕ್ಯಾನ್ ನೀರು ತರಿಸಿ ಕೊಡುತ್ತೇನೆ. ಕೋಣೆ ಬಾಡಿಗೆಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ.

ಕಳೆದ ಮೇ ತಿಂಗಳಲ್ಲಿ ಒಬ್ಬ ಹುಡುಗ ಫಾರಂ ಹಿಡಿದುಕೊಂಡು ಬಂದ. ಪ್ರವಾಸೋದ್ಯಮದ ಸರ್ವೆಯಂತೆ. ಫಾರಂ ಇಂಗ್ಲಿಷಿನಲ್ಲಿತ್ತು. ಮಗಳು ಓದಿ ಹೇಳಿದಳು. ಕೋಣೆ ಎಷ್ಟು, ಬಾಡಿಗೆ ಎಷ್ಟು, ವರ್ಷಕ್ಕೆ ಎಷ್ಟು ಜನ, ಹೊರದೇಶದವರು ಎಷ್ಟು. ಎಲ್ಲದಕ್ಕೂ ಉತ್ತರ ಕೊಟ್ಟೆ. ಬಿಸಿಲಲ್ಲಿ ನಡೆದು ಬಂದಿದ್ದಾನೆ ಅಂತ ಬೆಲ್ಲ, ನೀರು ಕೊಟ್ಟೆ. ಒಂದು ಗುಟುಕು ಬಾಯಿಗೆ ಹಾಕಿದವನೇ ಜಗಲಿಯಿಂದ ಇಳಿದು ತೆಂಗಿನ ಬುಡಕ್ಕೆ ಉಗಿದ.

"ಅಕ್ಕಾ, ಇದು ಉಪ್ಪಲ್ವಾ?" ಅಂದ.

"ಹೌದು ಮಗಾ, ಅದನ್ನೇ ಬರೆದುಕೋ" ಅಂದೆ.

ಹಾಳೆ ತಿರುಗಿಸಿ, ಹಿಂದೆ ಮುಂದೆ ನೋಡಿದ. "ಅದಕ್ಕೆ ಇದರಲ್ಲಿ ಜಾಗ ಇಲ್ಲ ಅಕ್ಕಾ" ಅಂದ. ಬ್ಯಾಗಿನಿಂದ ಬಾಟಲಿ ತೆಗೆದು ಕುಡಿದ. ಹೋಗುವಾಗ ಅದನ್ನು ಜಗಲಿಯಲ್ಲೇ ಬಿಟ್ಟು ಹೋದ. ಅರ್ಧ ನೀರಿತ್ತು. ಮಗಳು ಚೆಲ್ಲಲಿಲ್ಲ. ಅತ್ತೆಗೆ ಮಾತ್ರೆ ನುಂಗಲಿಕ್ಕೆ ಬೇಕು ಅಂತ ಒಳಗೆ ತೆಗೆದಿಟ್ಟಳು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಜಾಗ ಇಲ್ಲದ ಫಾರಂ ಮಾಡಿದವರ ಮೇಲೆ ಇದೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ದೇಶದೇಶಗಳ ಪ್ರವಾಸೋದ್ಯಮವನ್ನು ಅಳೆಯುವ ವಿಶ್ವ ಆರ್ಥಿಕ ವೇದಿಕೆಯ ಸೂಚ್ಯಂಕ ನಿಮಗೆ ಗೊತ್ತೇ ಇದೆ. 2007ರಲ್ಲಿ ಸ್ಪರ್ಧಾತ್ಮಕತೆಯ ಸೂಚ್ಯಂಕ ಅಂತ ಶುರುವಾದದ್ದು ಈಗ ಅಭಿವೃದ್ಧಿ ಸೂಚ್ಯಂಕ ಅಂತ ಹೆಸರು ಬದಲಿಸಿಕೊಂಡಿದೆ. 2024ರ ವರದಿಯಲ್ಲಿ 119 ದೇಶಗಳ ಪೈಕಿ ನಮ್ಮದು 39ನೇ ಸ್ಥಾನ. 2019ರಲ್ಲಿ 34 ಇತ್ತಲ್ಲ, ಕುಸಿದೆವಾ ಅಂತ ಮಗಳು ಕೇಳಿದಳು. ಲೆಕ್ಕ ಹಾಕುವ ಕ್ರಮವೇ ಬೇರೆಯಾದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಹಾಗಿಲ್ಲ. ಪ್ರಕೃತಿ ಸಂಪತ್ತಿನಲ್ಲಿ ನಾವು 6ನೆಯವರು, ಸಂಸ್ಕೃತಿಯಲ್ಲಿ 9ನೆಯವರು. ಸಂತೋಷ. ಆದರೆ ಕಾಡು, ಕಡಲು, ಪ್ರಾಣಿ ಪಕ್ಷಿಗಳನ್ನು ಕೊಟ್ಟದ್ದು ಯಾವ ಇಲಾಖೆಯೂ ಅಲ್ಲ. ಅವನ್ನು ಉಳಿಸಿಕೊಂಡಿದ್ದೇವಾ ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು. ಸಂಸ್ಕೃತಿಯ ಲೆಕ್ಕದಲ್ಲಿ ದೊಡ್ಡ ಕ್ರೀಡಾಂಗಣಗಳೂ ಬರುತ್ತವೆ. ನಮ್ಮ ಯಕ್ಷಗಾನ ಯುನೆಸ್ಕೊದ ಪರಂಪರೆಯ ಪಟ್ಟಿಯಲ್ಲಿ ಇಲ್ಲ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರಿನವಳಿಗೆ ಇದು ನೋವಿನ ಮಾತು, ಆದರೆ ಇವತ್ತು ಅದು ಬೇಡ.

ಸೂಚ್ಯಂಕದಲ್ಲಿ 17 ವಿಭಾಗ, 102 ಸೂಚಕಗಳಿವೆ. ಪರಿಸರ ಎಷ್ಟು ಕಾಲ ತಾಳೀತು ಅಂತ ನೋಡುವ ವಿಭಾಗವೂ ಇದೆ. ನೀರಿನ ಕೊರತೆಯ ಒತ್ತಡವೂ ಅದರಲ್ಲಿ ಬರುತ್ತದೆ. ಆದರೆ ಇಡೀ ದೇಶಕ್ಕೆ ಒಂದೇ ಅಂಕಿ. ರಾಜಸ್ಥಾನದ ಮರಳೂ ನಮ್ಮ ಆಟಿ ತಿಂಗಳ ಮಳೆಯೂ ಅದರೊಳಗೆ ಒಟ್ಟಾಗಿ ಕರಗಿ ಹೋಗುತ್ತವೆ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬರುತ್ತದೆ, ಆದರೂ ಮಾರ್ಚಿನಲ್ಲಿ ಕೊಡ ಹಿಡಿದು ನಿಲ್ಲುತ್ತೇವೆ. ಇದು ಯಾವ ಸರಾಸರಿಯಲ್ಲಿ ಕಾಣುತ್ತದೆ, ಹೇಳಿ?

ಊರು ಊರಿನ ಮಟ್ಟದಲ್ಲಿ ಅಳೆಯಲಿಕ್ಕೆ ದಾರಿ ಇಲ್ಲ ಅಂತ ಮಾತ್ರ ಹೇಳಬೇಡಿ. ಪ್ರವಾಸೋದ್ಯಮ ಎಷ್ಟು ನೀರು, ಎಷ್ಟು ವಿದ್ಯುತ್ತು ಬಳಸುತ್ತದೆ, ಎಷ್ಟು ಕಸ ಬಿಡುತ್ತದೆ, ಊರಿನವರಿಗೆ ಎಷ್ಟು ಕೆಲಸ ಕೊಡುತ್ತದೆ ಅಂತ ಲೆಕ್ಕ ಇಡುವ ಚೌಕಟ್ಟನ್ನು ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ 2024ರಲ್ಲೇ ಒಪ್ಪಿದೆ. ದೇಶಕ್ಕೆ ಮಾತ್ರ ಅಲ್ಲ, ಒಂದು ತಾಣಕ್ಕೂ ಅದನ್ನು ಬಳಸಬಹುದು.

ಹಾಗಾದರೆ ಬಳಸಿ. ಪ್ರತಿ ಪ್ರವಾಸಿ ತಾಣದ ನೀರಿನ ಲೆಕ್ಕ ಕೊಡಿ. ಯಾರು ಎಷ್ಟು ಎಳೆಯುತ್ತಾರೆ, ಸುತ್ತಲಿನ ಬಾವಿಗಳಲ್ಲಿ ಉಪ್ಪು ಎಷ್ಟು ಏರಿದೆ ಅಂತ ಪ್ರತಿ ವರ್ಷ ಪಂಚಾಯತಿನ ಬೋರ್ಡಿನಲ್ಲಿ ಹಾಕಿ. ಬೇಕಲವನ್ನು 1992ರಲ್ಲಿ ವಿಶೇಷ ಪ್ರವಾಸಿ ಪ್ರದೇಶ ಅಂತ ಘೋಷಿಸಿದ್ದು ಕೇಂದ್ರ ಸರ್ಕಾರ. ಅಂದಿನಿಂದ ಈ ಜಿಲ್ಲೆಗೆ ಎಷ್ಟು ಜನ ಬಂದರು ಅನ್ನುವುದನ್ನು ಪೇಪರಿನಲ್ಲಿ ಓದುತ್ತಾ ಬಂದಿದ್ದೇನೆ. ಎಷ್ಟು ನೀರು ಹೋಯಿತು ಅಂತ ಒಂದು ದಿನವೂ ಓದಿಲ್ಲ. ನೀರಿನ ಲೆಕ್ಕ ಕೊಡಿ.

ಬಾಯಾರು, ಪೆರ್ಲದ ಕಡೆ ನಮ್ಮ ಹಿರಿಯರು ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು, ಒಬ್ಬೊಬ್ಬರೇ ಬಗ್ಗಿ ಒಳಗೆ ಹೋಗಿ, ಬೆರಳು ದಪ್ಪದ ನೀರು ಹೊರಗೆ ತಂದು ತೋಟ ಮಾಡಿದವರು. ನೀರಿನ ಬೆಲೆಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಲೆಕ್ಕ ಕೇಳುತ್ತಿದ್ದೇವೆ, ಅಷ್ಟೇ. ಅದನ್ನೂ ಕೊಡಲಾಗದಿದ್ದರೆ 39 ಆದರೇನು, ಒಂದನೇ ಸ್ಥಾನ ಬಂದರೇನು?

ಮುಂದಿನ ಮೇ ತಿಂಗಳಲ್ಲಿ ಆ ಹುಡುಗನನ್ನೇ ಕಳಿಸಿ. ಬೆಲ್ಲ ಕೊಡುತ್ತೇನೆ. ಫಾರಂನಲ್ಲಿ ಬಾವಿಗೆ ಒಂದು ಸಾಲು ಇರಲಿ. ನಾನೇ ಓದುವ ಹಾಗೆ ಕನ್ನಡದಲ್ಲಿರಲಿ.

ಇತಿ,
ಕಾಸರಗೋಡಿನ ಕಡಲ ಬದಿಯ ಒಬ್ಬ ಗೃಹಿಣಿ