ಮಂಜು ಬಿಡಿಸಲು ಬಿಳಿ ಹಾಳೆ ಯಾಕೆ?

ಮಾನ್ಯರೇ,

ಚಳಿ ಶುರುವಾದರೆ ನಂದಿಬೆಟ್ಟದ ಮಂಜು ಬಿಡಿಸಲು ಹೊರಡುವ ಮಕ್ಕಳ ಕೈಯಲ್ಲಿ ಅದೇ ಬಿಳಿ ಡ್ರಾಯಿಂಗ್ ಶೀಟು. ಮಂಜು ಕಣ್ಣಿಗೆ ಕಾಣುವುದು ಬೂದು. ಬಿಳಿ ಹಾಳೆಗೆ ಆ ಬೂದು ತಿಕ್ಕಿ ಮುಗಿಸುವಷ್ಟರಲ್ಲಿ ಬಿಸಿಲೇರಿ ಮಂಜೇ ಕರಗಿರುತ್ತದೆ. ಶಾಲೆಗಳ ಚಿತ್ರಕಲಾ ತರಗತಿಯಲ್ಲಿ ಬಣ್ಣದ ಹಾಳೆಯನ್ನೂ ಬಳಸಲಿ ಎಂಬುದು ನಮ್ಮ ಕೋರಿಕೆ.

ಬೂದು ಹಾಳೆಯಾದರೆ ಅರ್ಧ ಕೆಲಸ ಅದೇ ಮಾಡಿರುತ್ತದೆ. ದೂರದ ಬೆಟ್ಟಕ್ಕೆ ಇದ್ದಿಲಿನ ತೆಳು ಗೆರೆ ಸಾಕು, ಒಳಗೆ ಹಾಳೆಯ ಬಣ್ಣವನ್ನೇ ಬಿಡಬೇಕು. ನಡುವಿನ ಸಾಲಿಗೆ ಬಟ್ಟೆಯಿಂದ ಸವರಿದ ಇದ್ದಿಲು. ಕಡುಗಪ್ಪು ಎದುರಿನ ಬಂಡೆ, ಮರಕ್ಕೆ ಮಾತ್ರ. ಬೆರಳಿನಿಂದ ಉಜ್ಜಿದರೆ ಕೈಯ ಜಿಡ್ಡು ಹತ್ತಿ ಕಲೆ ಬೀಳುತ್ತದೆ. ಬಿಳಿ ಚಾಕ್ ಕಟ್ಟಕಡೆಗೆ, ಬೆಳಕು ನೇರ ಬೀಳುವ ಒಂದೆರಡು ಕಡೆ. ಮಂಜೆಂದು ಎಲ್ಲೆಡೆ ಬಳಿದರೆ ಸುಣ್ಣ ಹೊಡೆದ ಗೋಡೆಯಂತಾಗುತ್ತದೆ! ಇದ್ದಿಲಿನ ಮೇಲೆ ಬಿಳಿ ಹಚ್ಚಿದರೆ ಎರಡೂ ಬೆರೆತು ನೀಲಿ ಛಾಯೆಯ ಬೂದು ಬಣ್ಣವಾಗುತ್ತದೆ. ಆದ್ದರಿಂದ ಕಪ್ಪು ಬಿಳಿಗಳ ನಡುವೆ ಹಾಳೆ ಕಾಣುತ್ತಿರಬೇಕು. ಇದ್ದಿಲು ಉದುರದಂತೆ ಹಿಡಿದಿಡುವ ಫಿಕ್ಸೆಟಿವ್ ಸಿಂಪಡಿಸುವುದಿದ್ದರೆ ಬಿಳಿ ಇಡುವ ಮೊದಲೇ. ಆಮೇಲೆ ಸಿಂಪಡಿಸಿದರೆ ಬಿಳಿ ಮಂಕಾಗುತ್ತದೆ.

ಇಂಥ ಹಾಳೆ ದುಬಾರಿ ಎನ್ನುವವರಿದ್ದಾರೆ. ಆದರೆ ಹಾಳೆಗೆ ನಾವೇ ಬಣ್ಣ ಬಳಿದುಕೊಳ್ಳಬಹುದು: ಜರ್ಮನ್ ಚಿತ್ರಕಾರ ಡ್ಯೂರರ್ 1508ರಲ್ಲಿ ‘ಪ್ರಾರ್ಥಿಸುವ ಕೈಗಳು’ ಚಿತ್ರ ಬಿಡಿಸಿದ್ದು ನೀಲಿ ಬಣ್ಣ ಬಳಿದ ಹಾಳೆಯ ಮೇಲೆ. ಅಗ್ಗಕ್ಕೆ ನಮ್ಮಲ್ಲಿ ಪುಸ್ತಕಕ್ಕೆ ಬೈಂಡ್ ಹಾಕುವ ಬ್ರೌನ್ ಶೀಟೂ ಇದೆ. ಅದರ ನುಣುಪು ಬದಿಯಲ್ಲಿ ಇದ್ದಿಲು ಜಾರುತ್ತದೆ, ಒರಟು ಬದಿ ಬೇಕು. ಮಂಜಿಗೆ ಈ ಕಂದು ಹಾಳೆ ಹೊಂದದು. ಕೋಲಾರದ ಅಂತರಗಂಗೆಯ ಗುಂಡುಬಂಡೆಗಳು, ಮಧುಗಿರಿಯ ಏಕಶಿಲೆಯ ಮೇಲಿನ ಸಂಜೆ ಬಿಸಿಲಿಗೆ ಹೇಳಿ ಮಾಡಿಸಿದ್ದು. ಅಭ್ಯಾಸಕ್ಕೆ ಸರಿ, ವರ್ಷಗಳು ಕಳೆದಂತೆ ಕಪ್ಪಾಗಿ ಪುಡಿಯಾಗುತ್ತದೆ.

ಉಳಿಯುವ ಚಿತ್ರಕ್ಕೆ ಬಿಳಿ ಹಾಳೆಗೆ ಬಳಿಯಲು ನಮ್ಮ ಕೆಂಪು ಮಣ್ಣೇ ಆದೀತು. ಟೀ ಡಿಕಾಕ್ಷನ್ ಬಳಿಯುವವರೂ ಇದ್ದಾರೆ, ಆದರೆ ಅದು ಬೆಳಕಿಗೆ ಮಾಸುತ್ತದೆ. ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು, ಮಾಸದು. ಒಂದು ಹಿಡಿ ಮಣ್ಣನ್ನು ನೀರಿನಲ್ಲಿ ಕಲಕಿ, ಮರಳು ತಳಕ್ಕಿಳಿಯಲು ಒಂದು ನಿಮಿಷ ಬಿಟ್ಟು, ಮೇಲಿನ ಕೆನ್ನೀರನ್ನು ಬಟ್ಟೆಯಲ್ಲಿ ಸೋಸಬೇಕು. ಒಂದು ಲೋಟಕ್ಕೆ ಒಂದು ಚಮಚ ಗೋಂದಿನ ನೀರು. ಕನಿಷ್ಠ 200 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ ದಪ್ಪ ಹಾಳೆಯ ನಾಲ್ಕೂ ಅಂಚನ್ನು ಹಲಗೆಗೆ ಟೇಪಿನಿಂದ ಅಂಟಿಸಿ, ಅಗಲ ಬ್ರಷ್‌ನಲ್ಲಿ ಅಡ್ಡಕ್ಕೊಮ್ಮೆ, ಒಣಗಿದ ಮೇಲೆ ಉದ್ದಕ್ಕೊಮ್ಮೆ ಬಳಿಯಬೇಕು. ತೆಳು ಹಾಳೆ ಸುಕ್ಕುಗಟ್ಟುತ್ತದೆ. ಗೋಂದು ಕಡಿಮೆಯಾದರೆ ಮಣ್ಣು ಕೈಗೆ ಹತ್ತುತ್ತದೆ. ಹೆಚ್ಚಾದರೆ ಹಾಳೆ ಹೊಳೆದು ಇದ್ದಿಲು ಹಿಡಿಯುವುದಿಲ್ಲ. ಮೊದಲು ಒಂದು ತುಂಡಿನ ಮೇಲೆ ನೋಡಿಕೊಳ್ಳುವುದು ಕ್ಷೇಮ.

– ಚಿತ್ರಕಲಾ ಶಿಕ್ಷಕರು, ಚಿಕ್ಕಬಳ್ಳಾಪುರ