ಪಕ್ಕದಲ್ಲಿ ನಿಂತವರ ವರ್ಷ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

"2024ರಲ್ಲಿ ಕನ್ನಡದಲ್ಲಿ ನೋಡೋ ಹಂಗಿದ್ದ ಒಂದೇ ಒಂದು ಸಿನಿಮಾ ಹೇಳು" ಅಂತ ಮೊನ್ನೆ ಫೋನಲ್ಲಿ ಕೇಳಿದೆಯಲ್ಲ, ಆ ಮಾತು ನನಗೆ ನಾಟಿತು. ಒಂದಲ್ಲ, ನಾಲ್ಕು ಹೇಳಬಲ್ಲೆ. ಫೋನಲ್ಲಾದರೆ ವಾದ ಎಲ್ಲೆಲ್ಲೋ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಬೇಸರಕ್ಕೆ ಕಾರಣ ಇದೆ, ಇಲ್ಲ ಅನ್ನೋದಿಲ್ಲ. ನೀನಿರೋ ಪುಣೆಯವರೆಗೆ ಬಂದದ್ದು 'ಮಾರ್ಟಿನ್', 'ಯುಐ' ಥರದ ದೊಡ್ಡ ಚಿತ್ರಗಳು. ಅವನ್ನು ನೋಡಿ ಇಡೀ ವರ್ಷವೇ ಬರಡು ಅಂತ ತೀರ್ಮಾನಿಸಿದೆ. ಆದರೆ ಆ ವರ್ಷ ನಮ್ಮ ಚಿತ್ರರಂಗದಲ್ಲಿ ನಾನು ತುಂಬ ದಿನದಿಂದ ಆಸೆಪಟ್ಟದ್ದೊಂದು ನಡೆಯಿತು. ಇಷ್ಟು ವರ್ಷ ಹೀರೋ ಪಕ್ಕದಲ್ಲಿ ನಿಂತು ಅವನಿಗೆ ಬೆಳಕು ಬಿಟ್ಟುಕೊಡುತ್ತಿದ್ದವರು ನಡುವಿಗೆ ಬಂದು ನಿಂತರು. ನನಗೆ ಹಿಡಿಸಿದ ಚಿತ್ರಗಳೆಲ್ಲ ಅಂಥವೇ.

ಮೊದಲು 'ಶಾಖಾಹಾರಿ'. ಫೆಬ್ರವರಿಯಲ್ಲಿ ಬಂತು, ಸಂದೀಪ್ ಸುಂಕದ ನಿರ್ದೇಶನ. ಮಲೆನಾಡಿನ ಒಂದು ಊರು, ಅಲ್ಲೊಂದು ಸಸ್ಯಾಹಾರಿ ಹೋಟೆಲ್, ಅದನ್ನು ನಡೆಸುವ ಸುಬ್ಬಣ್ಣ ಎಂಬ ಒಂಟಿ ಮನುಷ್ಯ. ನಾಟಕದ ಹುಚ್ಚು ಅವನಿಗೆ. ಪೊಲೀಸರಿಂದ ತಪ್ಪಿಸಿಕೊಂಡು ಗಾಯಗೊಂಡ ಹುಡುಗನೊಬ್ಬ ಆ ಹೋಟೆಲಿಗೆ ಬಂದು ಸೇರಿಕೊಳ್ಳುತ್ತಾನೆ. ಅಲ್ಲಿಂದಾಚೆಗೆ ಏನಾಗುತ್ತದೆ ಅನ್ನೋದನ್ನು ಹೇಳೋದಿಲ್ಲ, ನೀನೇ ನೋಡಬೇಕು. ನಾನು ಹೇಳಬೇಕಾದ್ದು ರಂಗಾಯಣ ರಘು ಅವರ ಬಗ್ಗೆ.

ಮೈಸೂರಿನ ರಂಗಾಯಣದಲ್ಲಿ ಬಿ.ವಿ. ಕಾರಂತರ ಕೈಯಲ್ಲಿ ಪಳಗಿದ ನಟ ಅವರು. ಹೆಸರಿನಲ್ಲೇ ರಂಗಾಯಣವನ್ನು ಹೊತ್ತುಕೊಂಡು ಬಂದವರು. ಅಂಥವರನ್ನು ನಾವು ಏನು ಮಾಡಿಸಿದೆವು ಹೇಳು? ಎಷ್ಟೋ ಚಿತ್ರಗಳಲ್ಲಿ ಕಿರುಚಿಸಿದೆವು, ಬೈಸಿದೆವು, ಹೀರೋ ಕೈಲಿ ಹೊಡೆಸಿದೆವು. 2007ರ 'ದುನಿಯಾ'ದಂಥ ಕೆಲವು ಚಿತ್ರಗಳು ಅವರ ನಿಜವಾದ ತೂಕ ತೋರಿಸಿದ್ದವು, ಆದರೆ ಅವೂ ಪಕ್ಕದ ಪಾತ್ರಗಳೇ. ಸುಬ್ಬಣ್ಣನಾಗಿ ಅವರು ದನಿ ತಗ್ಗಿಸಿದ್ದಾರೆ. ಬಟ್ಟೆಯಿಂದ ಟೇಬಲ್ ಒರೆಸುವಾಗ, ಗಿರಾಕಿಗೆ ಬಡಿಸುವಾಗ, ಯಾರೋ ಬಾಗಿಲು ತಟ್ಟಿದಾಗ ಆ ಮುಖ ಬದಲಾಗುವ ರೀತಿ ನೋಡು. ಭಯ, ಕರುಣೆ, ಜೊತೆಗೊಂದು ಹಟ, ಮೂರೂ ಒಟ್ಟಿಗೆ ಕಾಣುತ್ತವೆ. ಕೆಟ್ಟದ್ದೇನೋ ಮಾಡುತ್ತಿದ್ದಾನೆ ಅಂತ ಗೊತ್ತಿದ್ದೂ ಅವನು ಸಿಕ್ಕಿಬೀಳಬಾರದು ಅಂತ ನಾನು ಕುರ್ಚಿಯ ತುದಿಗೆ ಬಂದು ಕೂತಿದ್ದೆ. ಎದುರಿಗೆ ದಣಿದ ಪೊಲೀಸ್ ಅಧಿಕಾರಿಯಾಗಿ ಗೋಪಾಲಕೃಷ್ಣ ದೇಶಪಾಂಡೆ. ಅವರಿಬ್ಬರೂ ಎದುರುಬದುರು ಕೂತು ಮಾತಾಡುವ ದೃಶ್ಯಗಳಲ್ಲಿ ಯಾರೂ ಯಾರಿಗೂ ಸೋಲುವುದಿಲ್ಲ. ಎಷ್ಟು ಕೋಟಿ ಸುರಿದರೂ ಆ ಬಿಗಿ ಹುಟ್ಟಿಸೋಕಾಗಲ್ಲ, ಮಾರಾಯ. ಇಬ್ಬರು ಒಳ್ಳೆಯ ನಟರು ಮತ್ತು ಅವರನ್ನು ನಂಬುವ ಒಬ್ಬ ನಿರ್ದೇಶಕ ಇದ್ದರೆ ಸಾಕು.

ಎರಡನೆಯದು 'ಶಿವಮ್ಮ'. ಜೈಶಂಕರ್ ಆರ್ಯರ್ ಅವರ ಈ ಚಿತ್ರಕ್ಕೆ 2022ರಲ್ಲೇ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂದಿತ್ತು. ಕೊರಿಯಾದವರು ಮೆಚ್ಚಿ ಎರಡು ವರ್ಷ ಹತ್ತಿರವಾದ ಮೇಲೆ, 2024ರ ಜೂನ್‌ನಲ್ಲಿ ನಮ್ಮ ಥಿಯೇಟರಿಗೆ ಬಂತು. ಇದು ನನಗೆ ಈಗಲೂ ಸಂಕಟ ಕೊಡುವ ಸಂಗತಿ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಕಥೆ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು, ಮನೆಯಲ್ಲಿ ಹಾಸಿಗೆ ಹಿಡಿದ ಗಂಡ. ಎನರ್ಜಿ ಡ್ರಿಂಕ್ ಒಂದರ ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಬಿದ್ದು, ಅದನ್ನು ಕುಡಿಸಿದರೆ ಗಂಡ ಎದ್ದು ಓಡಾಡುತ್ತಾನೆ, ಮಾರಿದರೆ ಸಾಲ ತೀರುತ್ತದೆ ಅಂತ ನಂಬಿ ಊರೆಲ್ಲ ತಿರುಗುತ್ತಾಳೆ. ನಮ್ಮ ಊರುಗಳಲ್ಲೂ ಹೀಗೆ ಬ್ಯಾಗು ಹಿಡಿದು ಮನೆಮನೆಗೆ ಬಂದವರನ್ನು ನೋಡಿದ್ದೇವೆ. ಅವರನ್ನು ಕಂಡರೆ ಬಾಗಿಲು ಹಾಕಿಕೊಳ್ಳುವವರೇ ಹೆಚ್ಚು.

ಶಿವಮ್ಮನಾಗಿರುವುದು ಶರಣಮ್ಮ ಚೆಟ್ಟಿ. ನಟನೆಯನ್ನೇ ಕಸುಬು ಮಾಡಿಕೊಂಡವರಲ್ಲ. ಆ ಮುಖದಲ್ಲಿ ಎಲ್ಲೂ ನಮ್ಮ ಕನಿಕರ ಬೇಡುವ ಭಾವ ಇಲ್ಲ. ಅವಳು ಮೋಸ ಹೋಗುತ್ತಿದ್ದಾಳೆ, ಜೊತೆಗೆ ಬೇರೆಯವರನ್ನೂ ಅದೇ ಗುಂಡಿಗೆ ಎಳೆಯುತ್ತಿದ್ದಾಳೆ. ಚಿತ್ರ ಅದನ್ನು ಮುಚ್ಚಿಡುವುದಿಲ್ಲ, ಅವಳನ್ನು ಕೆಟ್ಟವಳೂ ಮಾಡುವುದಿಲ್ಲ. ಬಡವರನ್ನು ತೋರಿಸುವಾಗ ನಮ್ಮ ಸಿನಿಮಾಗಳು ಸಾಮಾನ್ಯವಾಗಿ ಪಿಟೀಲು ನುಡಿಸುತ್ತವೆ. ಇಲ್ಲಿ ಅದಿಲ್ಲ, ಬದಲಿಗೆ ಸಾಕಷ್ಟು ನಗು ಇದೆ. ಕೊಪ್ಪಳದ ಕಡೆಯ ಮಾತು ಅದರ ಪೂರ್ತಿ ಖಾರದಲ್ಲಿದೆ. ಬೆಂಗಳೂರಿನ ಕನ್ನಡಕ್ಕೆ ಇಸ್ತ್ರಿ ಮಾಡಿ ಕೊಟ್ಟಿಲ್ಲ ಅನ್ನೋದೇ ನನಗೆ ದೊಡ್ಡ ಸಂತೋಷ.

'ಕೆರೆಬೇಟೆ' ಮಾರ್ಚ್‌ನಲ್ಲಿ ಬಂದದ್ದು. ಬೇಸಿಗೆಯಲ್ಲಿ ಕೆರೆ ನೀರು ಇಳಿದಾಗ ಊರಿಗೆ ಊರೇ ಕೂಣಿ ಎಂಬ ಬಿದಿರಿನ ಬುಟ್ಟಿ ಹಿಡಿದು ಮೀನಿಗೆ ಇಳಿಯುವ ಆ ಆಚರಣೆಯನ್ನು ದೊಡ್ಡ ಪರದೆಯಲ್ಲಿ ನೋಡಿ ಮೈ ಜುಮ್ಮೆಂದಿತು. ಮೊದಲರ್ಧದ ಹೊಡೆದಾಟಗಳು ಉದ್ದವಾದವು, ಅಲ್ಲಿ ಕತ್ತರಿ ಬೇಕಿತ್ತು. ಆದರೆ ಪ್ರೀತಿಗೆ ಜಾತಿ ಅಡ್ಡ ಬಂದಾಗ ಈ ಚಿತ್ರ ತೋರಿಸುವ ಕ್ರೌರ್ಯ ಸುಳ್ಳಲ್ಲ. ಇದರಲ್ಲೂ ದೇಶಪಾಂಡೆ ಇದ್ದಾರೆ. ಒಂದೇ ವರ್ಷದಲ್ಲಿ ಆ ಮನುಷ್ಯ ಎಷ್ಟು ಬಗೆ!

ನಾಲ್ಕನೆಯದು 'ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ', ಹದಿನಾರೇ ನಿಮಿಷದ್ದು. ಮೈಸೂರಿನ ಚಿದಾನಂದ ನಾಯಕ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ, ನಿನ್ನ ಊರಲ್ಲೇ, ಓದುವಾಗ ಮಾಡಿದ ಕಿರುಚಿತ್ರ. ಊರಿನ ಹುಂಜವನ್ನು ಅಜ್ಜಿಯೊಬ್ಬಳು ಎತ್ತಿಕೊಂಡು ಹೋಗುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ನಮ್ಮ ಅಜ್ಜಿಯರು ಹೇಳುತ್ತಿದ್ದ ಕೋಳಿಯ ಕಥೆಯೇ. 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಇಲ್ಲೂ ನಡುವೆ ನಿಂತವಳು ಒಬ್ಬ ಮುದುಕಿ, ಗಮನಿಸು.

ಇನ್ನು ಬೇಸರದ ಮಾತು. 'ಮಾರ್ಟಿನ್' ಬಗ್ಗೆ ನೀನು ಸಿಟ್ಟಾದೆ, ನನಗೆ ಸಿಟ್ಟಿಗಿಂತ ದುಃಖವೇ ಹೆಚ್ಚು. ಅದರ ನಿರ್ದೇಶಕ ಎ.ಪಿ. ಅರ್ಜುನ್ 2009ರಲ್ಲಿ 'ಅಂಬಾರಿ' ಮಾಡಿದವರು. 2012ರಲ್ಲಿ 'ಅದ್ದೂರಿ' ಮಾಡಿ ಧ್ರುವ ಸರ್ಜಾನನ್ನು ನಮಗೆ ಪರಿಚಯಿಸಿದವರೂ ಅವರೇ. ಆ ಹುಡುಗ ಆಗ ನಗುತ್ತಿದ್ದ, ಅಳುತ್ತಿದ್ದ, ಹುಡುಗಿಯ ಮುಂದೆ ತಡವರಿಸುತ್ತಿದ್ದ. ಅದೇ ಜೋಡಿ ಮತ್ತೆ ಸೇರಿತು ಅಂದಾಗ ನಾನು ನಿಜವಾಗಿ ಕಾದಿದ್ದೆ. ದಸರೆಗೆ ಬಂದ ಚಿತ್ರದಲ್ಲಿ ಸಿಕ್ಕಿದ್ದು ಉಬ್ಬಿದ ತೋಳು, ಕಿವಿಗಡಚಿಕ್ಕುವ ಸದ್ದು, ಒಬ್ಬನೇ ನಟನ ಎರಡು ಪಾತ್ರ. ಅವನ ಎದುರು ನಿಂತು ನಾಲ್ಕು ಮಾತು ನೆಟ್ಟಗೆ ಆಡಬಲ್ಲ ಇನ್ನೊಬ್ಬ ಮನುಷ್ಯನೇ ಅಲ್ಲಿಲ್ಲ. ಎಲ್ಲ ಭಾಷೆಯವರಿಗೂ ಹಿಡಿಸಲಿ ಅಂತ ಮಾಡಿದ ಚಿತ್ರದಲ್ಲಿ ಯಾವ ಊರಿನ ಮಣ್ಣೂ ಇರಲಿಲ್ಲ.

'ಯುಐ' ವಿಷಯದಲ್ಲಿ ನಿನಗೂ ನನಗೂ ಜಗಳ ಇದ್ದದ್ದೇ. ಉಪೇಂದ್ರ 2015ರ 'ಉಪ್ಪಿ 2' ಆದ ಮೇಲೆ ಮೊದಲ ಸಲ ನಿರ್ದೇಶನಕ್ಕೆ ಮರಳಿದ್ದಾರೆ ಅಂದಾಗ ನಾವಿಬ್ಬರೂ ಸಂಭ್ರಮಿಸಿದ್ದೆವು. ಹೇಳಬೇಕೆಂದುಕೊಂಡದ್ದರಲ್ಲಿ ಅವರಿಗಿರುವ ಪ್ರಾಮಾಣಿಕತೆಯನ್ನು ನಾನು ಈಗಲೂ ಗೌರವಿಸುತ್ತೇನೆ. ಜಾತಿ, ಧರ್ಮ, ಕೈಯಲ್ಲಿನ ಮೊಬೈಲು, ಇವೆಲ್ಲ ನಮ್ಮನ್ನು ಹೇಗೆ ಆಡಿಸುತ್ತಿವೆ ಅಂತ ಕೇಳುವ ಧೈರ್ಯ ಎಷ್ಟು ಜನರಿಗಿದೆ? ಆದರೆ 1998ರ 'ಎ' ನೆನಪು ಮಾಡಿಕೋ. ಅಲ್ಲಿ ಚಾಂದಿನಿಯ ಪಾತ್ರ ಇತ್ತು. ಅವಳು ನಾಯಕನಿಗೆ ಸವಾಲಾಗಿದ್ದಳು, ಅವಳಿಂದಲೇ ಕಥೆಗೆ ನೋವು ಬಂದಿತ್ತು. 'ಯುಐ'ನಲ್ಲಿ ಸತ್ಯನೂ ಅವರೇ, ಕಲ್ಕಿಯೂ ಅವರೇ. ಉಳಿದವರೆಲ್ಲ ಒಂದೊಂದು ವಿಚಾರದ ಬೋರ್ಡು ಹಿಡಿದು ನಿಂತವರು. ನನಗೆ ಯಾರಿಗಾಗಿಯೂ ಮರುಗಲು ಆಗಲಿಲ್ಲ. ನಿನಗೆ ಆಯಿತು ಅಂದರೆ ಯಾರಿಗಾಗಿ ಅಂತ ಬರೆ, ನಿಜಕ್ಕೂ ತಿಳಿಯಬೇಕು.

ದೊಡ್ಡ ಚಿತ್ರಗಳೆಲ್ಲ ಹೀಗೇ ಅಂತ ಅಲ್ಲ. ದುನಿಯಾ ವಿಜಯ್ ನಿರ್ದೇಶಿಸಿ ನಟಿಸಿದ 'ಭೀಮ' ನೋಡು. ಇನ್ಸ್‌ಪೆಕ್ಟರ್ ಗಿರಿಜಾ ಆಗಿ ಪ್ರಿಯಾ ಷಠಮರ್ಷಣ ಬಂದು ನಿಂತರೆ ಥಿಯೇಟರಿನಲ್ಲಿ ಹೀರೋಗೆ ಬೀಳುವಷ್ಟೇ ಶಿಳ್ಳೆ. ತನ್ನ ಚಿತ್ರದಲ್ಲಿ ಬೇರೊಬ್ಬರಿಗೆ ಅಷ್ಟು ಜಾಗ ಕೊಟ್ಟ ವಿಜಯ್ ಬಗ್ಗೆ ನನಗೆ ಗೌರವ ಹೆಚ್ಚಿತು. ವರ್ಷದ ಕೊನೆಗೆ ಬಂದ 'ಮ್ಯಾಕ್ಸ್' ಒಂದೇ ರಾತ್ರಿಯ ಕಥೆಯನ್ನು ಅಚ್ಚುಕಟ್ಟಾಗಿ ಓಡಿಸಿತು, ಮನೆಗೆ ಬರುವಷ್ಟರಲ್ಲಿ ಮರೆತೂ ಹೋಯಿತು.

ನನ್ನ ಹೊಟ್ಟೆಯುರಿ ಇಷ್ಟೇ. 'ಶಾಖಾಹಾರಿ', 'ಕೆರೆಬೇಟೆ' ಥರದವಕ್ಕೆ ಬಾಯಿಮಾತಿನ ಪ್ರಚಾರ ಹಬ್ಬಲು ಒಂದೆರಡು ವಾರ ಬೇಕು. ಅಷ್ಟರಲ್ಲಿ ಶೋಗಳು ಕಡಿಮೆಯಾಗಿ, ಉಳಿದವು ಕೆಲಸಕ್ಕೆ ಹೋಗುವ ಯಾರಿಗೂ ಒದಗದ ಹೊತ್ತಿಗೆ ಬಿದ್ದಿರುತ್ತವೆ. ಆಮೇಲೆ ಒಟಿಟಿಯಲ್ಲಿ ನೋಡಿದವರು "ಅಯ್ಯೋ, ಥಿಯೇಟರಿನಲ್ಲಿ ನೋಡಬೇಕಿತ್ತು" ಅನ್ನುತ್ತಾರೆ. ಆ ಹೊತ್ತಿಗೆ ನಿರ್ಮಾಪಕರ ದುಡ್ಡು ಮುಳುಗಿರುತ್ತದೆ, ಆ ನಿರ್ದೇಶಕರ ಮುಂದಿನ ಚಿತ್ರವೂ ಅದರ ಜೊತೆಗೇ.

ಈಗ ನೀನು 'ಶಾಖಾಹಾರಿ'ಯಿಂದ ಶುರು ಮಾಡು. ಒಟಿಟಿಯಲ್ಲಿ ಸಿಕ್ಕಿದಾಗಲೇ ನೋಡಿಬಿಡು, ಮೊಬೈಲಿನಲ್ಲಿ ಬೇಡ, ಟೀವಿಯಲ್ಲಿ ಹಾಕು. ಅತ್ತಿಗೆಯನ್ನೂ ಕೂರಿಸು, ರಘು ಅಭಿನಯ ಅವರಿಗೆ ನಿನಗಿಂತ ಬೇಗ ಹಿಡಿಸುತ್ತದೆ. ನೋಡಿದ ಮೇಲೆ ಸುಬ್ಬಣ್ಣ ಮಾಡಿದ್ದು ಸರಿಯೋ ತಪ್ಪೋ ಹೇಳು. ನಮ್ಮ ಮನೆಯಲ್ಲಿ ಆ ಚರ್ಚೆ ಇನ್ನೂ ಮುಗಿದಿಲ್ಲ.

ನಿನ್ನ ಗೆಳೆಯ,
ಶಿವಮೊಗ್ಗ
ಜನವರಿ 2025